ತಾರಸಿಯಲ್ಲಿ ತರಕಾರಿ, ಹೂವು, ಹಕ್ಕಿ: ಗಿಡ ಬೆಳೆದರೂ ಕಾಯಿ ಕಚ್ಚದವರಿಗೆ ಸಮಗ್ರ ಮಾರ್ಗದರ್ಶಿ

ಗಿಡ ಸೊಂಪಾಗಿದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ಹಕ್ಕಿಗಳಿಗೆ ಅಂತ ಕಾಳು ಇಟ್ಟರೆ ಪಾರಿವಾಳದ ಹಿಂಡು ಬಂದು ಕೂರುತ್ತದೆ. ಕೈತೋಟ ಶುರು ಮಾಡಿದವರನ್ನು ಮಾತಾಡಿಸಿದರೆ ಈ ಎರಡು ದೂರು ತಪ್ಪುವುದಿಲ್ಲ. ಎರಡಕ್ಕೂ ಕಾರಣ ಹೆಚ್ಚಾಗಿ ಒಂದೇ. ಮೊದಲು ನರ್ಸರಿಗೆ ಹೋಗಿ ಗಿಡ ತರುತ್ತಾರೆ, ಆಮೇಲೆ ಕುಂಡ, ಕೊನೆಗೆ ಸಿಕ್ಕಿದ ಮಣ್ಣು. ಹುಳ ಕಂಡ ದಿನ ಸ್ಪ್ರೇ. ಜಾಗ ಮಿಕ್ಕರೆ ಹೂವಿನ ಗಿಡ. ಈ ಕ್ರಮವನ್ನು ಪೂರಾ ತಿರುಗಿಸಬೇಕು. ಬಿಸಿಲು ನೋಡಿ, ಮಣ್ಣು ಮಾಡಿ, ಹೂವು ಹಾಕಿ, ಆಮೇಲೆ ತರಕಾರಿಗೆ ಬನ್ನಿ. ಹಕ್ಕಿ ಕರೆಯುವ ಕೆಲಸ ಬಹುಪಾಲು ಅಷ್ಟರಲ್ಲೇ ಮುಗಿದಿರುತ್ತದೆ.

ಇಲ್ಲಿ ಹೇಳಿರುವುದು ಬೆಂಗಳೂರು, ಮೈಸೂರು, ತುಮಕೂರು ಕಡೆಯ ತಾರಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಕರಾವಳಿ ಮತ್ತು ಕಲಬುರಗಿ, ರಾಯಚೂರು ಕಡೆಯವರು ಬದಲಿಸಿಕೊಳ್ಳಬೇಕಾದ್ದನ್ನು ಅಲ್ಲಲ್ಲೇ ಬರೆದಿದ್ದೇನೆ. ಹಿತ್ತಲಲ್ಲಿ ನೆಲವೇ ಇರುವವರು ತೂಕದ ವಿಚಾರ ಬಿಟ್ಟು ಉಳಿದದ್ದು ಓದಿಕೊಳ್ಳಿ.

ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಒಂದು ಕೈಗುದ್ದಲಿ, ಒಂದು ಒಳ್ಳೆ ಕತ್ತರಿ, ಸಣ್ಣ ತೂತುಗಳ ಬಾಯಿ ಇರುವ ನೀರಿನ ಕ್ಯಾನ್, ಒಂದು ಲೀಟರಿನ ಸ್ಪ್ರೇ ಬಾಟಲಿ, ಸಸಿ ಎಬ್ಬಿಸಲು ಒಂದು ಟ್ರೇ, ಸೆಣಬಿನ ದಾರ, ಬಿದಿರು ಕಡ್ಡಿ. ಗ್ರೋ ಬ್ಯಾಗ್ (ಕುಂಡದ ಬದಲು ಗಿಡ ಬೆಳೆಸುವ ಚೀಲ) ಕೊಳ್ಳುವಾಗ ಅಳತೆ ನೋಡಿ. 12 ಇಂಚು ಅಗಲ, 12 ಇಂಚು ಎತ್ತರದ್ದಕ್ಕೆ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ಒಂದು ಮೆಣಸಿನ ಗಿಡಕ್ಕೆ, ಬೆಂಡೆಗೆ, ಟೊಮೆಟೊಗೆ ಇಷ್ಟು ಸಾಕು. ಹೀರೆ, ಸೋರೆ, ಕುಂಬಳದಂಥ ಬಳ್ಳಿಗೆ 15 ಇಂಚಿನದ್ದೇ ಬೇಕು. ಸೊಪ್ಪಿಗೆ ಆಳ ಬೇಡ, ಅಗಲ ಬೇಕು: ಆರರಿಂದ ಎಂಟು ಇಂಚು ಆಳದ ಟ್ರೇ, ಇಲ್ಲವೇ ಹಳೆಯ ಟಬ್ಬು. ಯಾವುದೇ ಆಗಲಿ, ತಳದಲ್ಲಿ ತೂತು ಇರಲೇಬೇಕು.

ಹಂತ 1: ಬಿಸಿಲು ಮತ್ತು ತೂಕ

ಒಂದು ರಜಾ ದಿನ ಬೆಳಿಗ್ಗೆ ಎಂಟು, ಹನ್ನೊಂದು, ಎರಡು, ನಾಲ್ಕು ಗಂಟೆಗೆ ತಾರಸಿಗೆ ಹೋಗಿ ನೆರಳು ಎಲ್ಲಿದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗ ಟೊಮೆಟೊ, ಬದನೆ, ಮೆಣಸು, ಬೆಂಡೆ, ಬಳ್ಳಿಗಳಿಗೆ. ಮೂರು ನಾಲ್ಕು ಗಂಟೆ ಬೀಳುವ ಜಾಗ ಸೊಪ್ಪು, ಪುದೀನ, ದೊಡ್ಡಪತ್ರೆಗೆ. ಪಕ್ಕದ ಮನೆಯ ಮೂರನೇ ಮಹಡಿ ಮಧ್ಯಾಹ್ನದ ಬಿಸಿಲು ತಿಂದುಬಿಟ್ಟರೆ ಅಲ್ಲಿ ಬದನೆ ಇಡಬೇಡಿ. ಗಿಡ ಉದ್ದಕ್ಕೆ ಬೆಳೆಯುತ್ತದೆ ಅಷ್ಟೇ, ಕಾಯಿ ಬಿಡುವುದಿಲ್ಲ. ಬಿಸಿಲಿನ ಕೊರತೆಯನ್ನು ಯಾವ ಗೊಬ್ಬರವೂ ತುಂಬುವುದಿಲ್ಲ.

ಇನ್ನು ತೂಕ. 15 ಇಂಚಿನ ಬ್ಯಾಗಿಗೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 60 ಕೆ.ಜಿ. ದಾಟುತ್ತದೆ. ಅಂಥವನ್ನು ತಾರಸಿಯ ನಡುವೆ ಗುಂಪಾಗಿ ಇಡಬೇಡಿ. ಗೋಡೆ ಪಕ್ಕ, ಕೆಳಗೆ ಬೀಮ್ ಹೋಗಿರುವ ಸಾಲಿನಲ್ಲಿ ಇಡಿ. ಪ್ರತಿ ಕುಂಡದ ಕೆಳಗೆ ಇಟ್ಟಿಗೆ ಅಥವಾ ಸ್ಟ್ಯಾಂಡ್ ಇರಲಿ. ಗಾಳಿ ಆಡಬೇಕು, ನೀರು ಹರಿದು ಹೋಗಬೇಕು, ಕೆಳಗೆ ಕೈ ಹಾಕಿ ಗುಡಿಸಲು ಬರಬೇಕು. ಗ್ರೋ ಬ್ಯಾಗನ್ನು ನೇರ ಸಿಮೆಂಟ್ ಮೇಲಿಟ್ಟರೆ ಬೇರು ತೂತಿನಿಂದ ಹೊರಬಂದು ಬಿರುಕು ಹುಡುಕುತ್ತದೆ. ತಾರಸಿಯಲ್ಲಿ ಈಗಾಗಲೇ ಎಲ್ಲಾದರೂ ನೀರು ನಿಲ್ಲುತ್ತಿದ್ದರೆ, ಕೆಳಗಿನ ಸೀಲಿಂಗ್‌ನಲ್ಲಿ ಒದ್ದೆ ಕಲೆ ಇದ್ದರೆ, ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ. ತೋಟ ಅದಾದ ಮೇಲೆ.

ಹಂತ 2: ಮಣ್ಣು ಮಾಡುವುದು

ಸೋಲುವವರಲ್ಲಿ ಅರ್ಧ ಜನ ಇಲ್ಲೇ ಸೋಲುತ್ತಾರೆ. ಕುಂಡಕ್ಕೆ ಬರೀ ಕೆಮ್ಮಣ್ಣು ತುಂಬಿದರೆ ತಿಂಗಳೊಳಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನೀರು ಮೇಲೆ ನಿಂತು ಬದಿಯಿಂದ ಜಾರಿ ಹೋಗುತ್ತದೆ, ಬೇರಿಗೆ ಸಿಗುವುದಿಲ್ಲ.

ಒಂದು ಪಾಲು ಜರಡಿ ಹಿಡಿದ ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. 20 ಲೀಟರಿನ ಬ್ಯಾಗಿಗೆ ಎರಡು ಹಿಡಿ ಬೇವಿನ ಹಿಂಡಿ. ಇಷ್ಟೇ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಎರಡು ಸಲ ನೀರು ಬದಲಿಸಿ ಹಿಂಡಿ ಆಮೇಲೆ ಬೆರೆಸಿ. ಅದರಲ್ಲಿ ಉಪ್ಪಿನಂಶ ಇರುತ್ತದೆ, ತೊಳೆಯದಿದ್ದರೆ ಎಳೆ ಸಸಿಯ ಎಲೆಯಂಚು ಸುಡುತ್ತದೆ. ಕರಾವಳಿಯವರು ಮಳೆಗಾಲಕ್ಕೆ ಕೋಕೋಪೀಟ್ ಅರ್ಧ ಕಡಿಮೆ ಮಾಡಿ, ಆ ಜಾಗಕ್ಕೆ ದಪ್ಪ ಮರಳು ಹಾಕಿ. ಇಲ್ಲದಿದ್ದರೆ ಆಷಾಢದ ಮಳೆಯಲ್ಲಿ ಬೇರು ಕೊಳೆಯುವುದು ಖಂಡಿತ.

ಕೊಟ್ಟಿಗೆ ಗೊಬ್ಬರ ಕೊಳ್ಳುವಾಗ ಒಂದು ಹಿಡಿ ತೆಗೆದು ಮೂಸಿ ನೋಡಿ. ಸಗಣಿ ವಾಸನೆ ಬಂದರೆ ಅದು ಇನ್ನೂ ಕಳಿತಿಲ್ಲ. ಕಳಿತ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಕೊಡುತ್ತದೆ. ಹಸಿ ಗೊಬ್ಬರ ಕುಂಡದೊಳಗೇ ಬಿಸಿಯಾಗಿ ಬೇರು ಸುಡುತ್ತದೆ, ಜೊತೆಗೆ ಗೊಣ್ಣೆಹುಳುವನ್ನೂ ತರುತ್ತದೆ. ಬೆಳ್ಳಗೆ, ದಪ್ಪಗೆ, ಇಂಗ್ಲಿಷಿನ ಸಿ ಅಕ್ಷರದಂತೆ ಮುದುಡಿ ಮಲಗಿರುವ ಹುಳ ಅದು. ಮೇಲೆ ಎಲ್ಲ ಸರಿಯಿದ್ದು ಗಿಡ ಒಂದೇ ದಿನದಲ್ಲಿ ಬಾಡಿ, ಎಳೆದರೆ ಬೇರಿಲ್ಲದೆ ಕೈಗೆ ಬಂದರೆ ಕುಂಡ ಬೋರಲು ಹಾಕಿ ಹುಡುಕಿ. ಸಿಗುತ್ತವೆ.

ಬೆರೆಸಿದ ಮಣ್ಣನ್ನು ಅಂದೇ ತುಂಬಿ ಅಂದೇ ಗಿಡ ನೆಡಬೇಡಿ. ತೇವ ಮಾಡಿ, ಗೋಣಿಚೀಲ ಮುಚ್ಚಿ ಹತ್ತು ಹದಿನೈದು ದಿನ ನೆರಳಲ್ಲಿ ಬಿಡಿ. ಬ್ಯಾಗಿನ ಬಾಯಿಯಿಂದ ಎರಡು ಇಂಚು ಕೆಳಗೆ ನಿಲ್ಲುವ ಹಾಗೆ ತುಂಬಿ. ಆ ಎರಡು ಇಂಚು ನೀರಿಗೆ ಮತ್ತು ಮುಂದೆ ಮೇಲುಗೊಬ್ಬರಕ್ಕೆ ಬೇಕು.

ಅಡುಗೆಮನೆ ಕಸದ ವಿಚಾರ: ಹಸಿ ಸಿಪ್ಪೆಯನ್ನು ನೇರ ಕುಂಡಕ್ಕೆ ಹಾಕುವ ಅಭ್ಯಾಸ ಬಿಡಿ. ಇರುವೆ, ನೊಣ, ಇಲಿ ಎಲ್ಲ ಬರುತ್ತವೆ. ಸಕ್ಕರೆ ಇರುವ ಟೀ ಚರಟವೂ ಅಷ್ಟೇ. ಮುಚ್ಚಳವಿರುವ, ಬದಿಗೆ ತೂತುಗಳಿರುವ ಡ್ರಮ್ಮಿನಲ್ಲಿ ಒಂದು ಪದರ ಸಿಪ್ಪೆ, ಎರಡು ಪದರ ಒಣ ಎಲೆ ಹಾಕುತ್ತಾ ಬನ್ನಿ. ಗಬ್ಬು ವಾಸನೆ ಬಂದರೆ ನೀರು ಜಾಸ್ತಿ ಆಗಿದೆ ಅಂತ, ಇನ್ನಷ್ಟು ಒಣ ಎಲೆ ಸುರಿಯಿರಿ. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚಿಯಲ್ಲಿ ರಸ್ತೆ ಬದಿ ಎಲೆ ರಾಶಿ ಬಿದ್ದಿರುತ್ತದೆ. ಆಗಲೇ ಚೀಲ ತುಂಬಿಸಿಟ್ಟುಕೊಳ್ಳಿ, ವರ್ಷ ಪೂರ್ತಿ ಬರುತ್ತದೆ.

ಹಂತ 3: ತರಕಾರಿಗಿಂತ ಮೊದಲು ಹೂವು

ತರಕಾರಿ ಸಸಿ ನೆಡುವ ಮೂರು ನಾಲ್ಕು ವಾರ ಮುಂಚೆಯೇ ಹೂವಿನ ಗಿಡ ಹಾಕಿ. ಬದನೆ ಹೂ ಬಿಡುವ ಹೊತ್ತಿಗೆ ಜೇನು, ದುಂಬಿಗಳಿಗೆ ನಿಮ್ಮ ತಾರಸಿಯ ದಾರಿ ಗೊತ್ತಿರಬೇಕು. ನಾಲ್ಕು ತರಕಾರಿ ಕುಂಡಕ್ಕೆ ಒಂದು ಹೂವಿನ ಕುಂಡ ಅನ್ನುವ ಲೆಕ್ಕ ಇಟ್ಟುಕೊಂಡರೆ ಸಾಕು.

ಜೇನಿಗೆ ತುಳಸಿ, ಕಾಮಕಸ್ತೂರಿ, ಕಾಸ್ಮಾಸ್, ಒಂಟಿ ಎಸಳಿನ ಚೆಂಡುಹೂ. ಮುದ್ದೆ ಮುದ್ದೆಯಾಗಿರುವ ದೊಡ್ಡ ಚೆಂಡುಹೂ ಹಬ್ಬಕ್ಕೆ ಚೆನ್ನ, ಜೇನಿಗೆ ಅದರಲ್ಲಿ ಸಿಗುವುದು ಕಡಿಮೆ. ತುಳಸಿಯ ಕದಿರನ್ನು ಎಲ್ಲವನ್ನೂ ಚಿವುಟಬೇಡಿ, ಒಂದು ಗಿಡವನ್ನಾದರೂ ಹೂವಿಗೆ ಬಿಡಿ. ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿಗೆ ಒಂಟಿ ಎಸಳಿನ ಕೆಂಪು ದಾಸವಾಳ ಮತ್ತು ಕೇಪಳ. ಕೇಪಳದ ಹಣ್ಣಿಗೆ ಪಿಕಳಾರವೂ (ಬುಲ್‌ಬುಲ್ ಹಕ್ಕಿ) ಬರುತ್ತದೆ.

ಸೇವಂತಿಗೆ ನೆಡುವವರು ಒಂದು ವಿಷಯ ನೆನಪಿಡಿ. ಅದು ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಜೂನ್, ಜುಲೈನಲ್ಲಿ ನೆಟ್ಟರೆ ದೀಪಾವಳಿಯ ಆಚೀಚೆ ಹೂ ಬರುತ್ತದೆ. ಆದರೆ ಕುಂಡದ ಮೇಲೆ ರಾತ್ರಿಯೆಲ್ಲ ಬೀದಿದೀಪದ ಬೆಳಕು ಬೀಳುತ್ತಿದ್ದರೆ ಗಿಡಕ್ಕೆ ರಾತ್ರಿಯೇ ಆಗುವುದಿಲ್ಲ, ಮೊಗ್ಗೂ ಬರುವುದಿಲ್ಲ. ಗೊಬ್ಬರ ಹಾಕಿ ಹಾಕಿ ಬೇಸತ್ತವರು ಒಮ್ಮೆ ರಾತ್ರಿ ಹೋಗಿ ನೋಡಿ.

ಹಂತ 4: ಬೀಜ, ಸಸಿ, ಕಾಲ

ಟೊಮೆಟೊ, ಬದನೆ, ಮೆಣಸನ್ನು ಟ್ರೇಯಲ್ಲಿ ಸಸಿ ಎಬ್ಬಿಸಿ 25–30 ದಿನಕ್ಕೆ ನೆಡಬೇಕು. ಬೆಂಡೆ, ಹುರುಳಿಕಾಯಿ, ಅವರೆ, ಮೂಲಂಗಿ, ಸೌತೆ, ಹೀರೆ ನೇರ ಕುಂಡಕ್ಕೇ. ಬೀಜ ಎಷ್ಟು ದಪ್ಪವೋ ಅದರ ಎರಡು ಮೂರು ಪಟ್ಟು ಆಳ ಸಾಕು. ಹರಿವೆ ಬೀಜವನ್ನು ಒಣ ಮರಳಿನ ಜೊತೆ ಬೆರೆಸಿ ಮೇಲೆ ಉದುರಿಸಿ, ಕೈಯಾಡಿಸಿದರೆ ಆಯಿತು. ಕೊತ್ತಂಬರಿಯನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಹಾಕಿ. ಮೊಳೆಯಲು ಹತ್ತು ದಿನವಾದರೂ ಬೇಕು. ಐದನೇ ದಿನಕ್ಕೆ ಕೆದಕಿ ನೋಡುವವರೇ ಜಾಸ್ತಿ!

ಸಂಜೆ ನೆಡಿ. ಸಸಿಯನ್ನು ಎಲೆ ಹಿಡಿದು ಎತ್ತಿ, ಕಾಂಡ ಹಿಡಿಯಬೇಡಿ. ಟೊಮೆಟೊವನ್ನು ಕೆಳಗಿನ ಎಲೆಗಳ ತನಕ ಹೂತರೂ ಪರವಾಗಿಲ್ಲ, ಹೂತ ಕಾಂಡದಿಂದಲೇ ಬೇರು ಬರುತ್ತದೆ. ಬದನೆ, ಮೆಣಸಿಗೆ ಇದು ಬೇಡ.

ಬೀಜ ಎಲ್ಲಿ ತರುವುದು? ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ಹೆಸರಿನ ತಳಿಗಳು ನಮ್ಮ ಹವೆಗೆ ಒಗ್ಗುತ್ತವೆ: ಬೆಂಡೆಯಲ್ಲಿ ಅರ್ಕಾ ಅನಾಮಿಕ, ಹುರುಳಿಕಾಯಿಯಲ್ಲಿ ಅರ್ಕಾ ಕೋಮಲ್, ಮತ್ತೆ ಮತ್ತೆ ಕೊಯ್ಯುವ ಹರಿವೆಗೆ ಅರ್ಕಾ ಸುಗುಣ, ಟೊಮೆಟೊಗೆ ಅರ್ಕಾ ರಕ್ಷಕ್. ಅರ್ಕಾ ರಕ್ಷಕ್ ಹೈಬ್ರಿಡ್ (ಎರಡು ತಳಿ ಬೆರೆಸಿದ್ದು), ಅದರ ಬೀಜ ಎತ್ತಿಟ್ಟುಕೊಳ್ಳಬೇಡಿ, ಅದೇ ಗುಣ ಮತ್ತೆ ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ನಾಟಿ ತಳಿ ಹಾಕಿ. ಮೈಸೂರು ಕಡೆಯವರಿಗೆ ಈರನಗೆರೆ ಬದನೆಗಿಂತ ಒಳ್ಳೆಯದು ಬೇಕಾ?

ಕಾಲ ತಪ್ಪಿದರೆ ಮಿಕ್ಕ ಎಲ್ಲ ಸರಿಯಿದ್ದರೂ ಉಪಯೋಗವಿಲ್ಲ. ಇದಕ್ಕೆ ಅವರೆಯೇ ಸಾಕ್ಷಿ. ನಮ್ಮ ಹಳೆಯ ಸೊಗಡಿನ ಅವರೆ, ಸೇವಂತಿಗೆಯ ಹಾಗೆಯೇ, ಹಗಲು ಕಿರಿದಾದ ಮೇಲೆಯೇ ಹೂ ಬಿಡುವುದು. ಜುಲೈ, ಆಗಸ್ಟಿನಲ್ಲಿ ಬಿತ್ತಿ. ಫೆಬ್ರವರಿಯಲ್ಲಿ ಬಿತ್ತಿದರೆ ಬಳ್ಳಿ ಚಪ್ಪರ ತುಂಬುತ್ತದೆ, ತಿಂಗಳುಗಟ್ಟಲೆ ಒಂದು ಹೂವೂ ಕಾಣುವುದಿಲ್ಲ. ಬೇರೆ ಕಾಲದಲ್ಲೂ ಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಅಥವಾ ಹೆಬ್ಬಾಳ ಅವರೆ-4 ಹುಡುಕಿ. ಅವಕ್ಕೆ ಹಗಲಿನ ಹಂಗಿಲ್ಲ.

ಟೊಮೆಟೊ 35 ಡಿಗ್ರಿ ದಾಟುವ ಸೆಕೆಯಲ್ಲಿ ಹೂ ಉದುರಿಸುತ್ತದೆ. ಕಲಬುರಗಿ, ರಾಯಚೂರು ಕಡೆಯವರು ಅದನ್ನು ಮಳೆಗಾಲ ಮುಗಿಯುವಾಗ ಶುರು ಮಾಡುವುದು ಜಾಣತನ. ಬೇಸಿಗೆಯಲ್ಲಿ ಏನೇ ಬೆಳೆದರೂ 50 ಶೇಕಡಾ ನೆರಳಿನ ಹಸಿರು ನೆಟ್ ಕಟ್ಟಿ. ಕರಾವಳಿಯಲ್ಲಿ ಮಳೆಗಾಲಕ್ಕೆ ಬೆಂಡೆ, ಹೀರೆ, ಪಡವಲ, ಮುಳ್ಳುಸೌತೆ, ಬಸಳೆ. ಕೊತ್ತಂಬರಿ, ಪಾಲಕ್ ಆಸೆಯನ್ನು ನವೆಂಬರ್ ತನಕ ಮುಂದೂಡಿ.

ಒಟ್ಟಿಗೇ ಎಲ್ಲ ಬಿತ್ತಬೇಡಿ. ಸೊಪ್ಪಿನ ಒಂದು ಟ್ರೇ ಇವತ್ತು, ಇನ್ನೊಂದು ಹತ್ತು ದಿನ ಬಿಟ್ಟು.

ಹಂತ 5: ನೀರು

ದಿನಕ್ಕೆ ಎಷ್ಟು ಲೀಟರ್ ಅನ್ನುವ ಲೆಕ್ಕ ಬೇಡ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಒಳಗೆ ಒದ್ದೆ ಇದ್ದರೆ ಇವತ್ತು ಬೇಡ. ಒಣಗಿದ್ದರೆ ತಳದ ತೂತಿನಿಂದ ನೀರು ಇಳಿಯುವ ತನಕ ನಿಧಾನವಾಗಿ ಹಾಕಿ. ಬೆಳಿಗ್ಗೆಯೇ ಹಾಕಿ. ಮಣ್ಣಿನ ಮೇಲೆ ಒಣ ಎಲೆ ಹೊದಿಸಿದರೆ ಬೇಸಿಗೆಯಲ್ಲೂ ದಿನಕ್ಕೆ ಒಂದು ಸಲ ಸಾಕಾಗುತ್ತದೆ.

ಎಚ್ಚರಿಕೆಯ ಗುರುತುಗಳು ಇವು. ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ಎದ್ದು ನಿಂತರೆ ಗಾಬರಿ ಬೇಡ, ಅದು ಬಿಸಿಲಿನ ಆಟ. ಬೆಳಿಗ್ಗೆಯೇ ಜೋತುಬಿದ್ದಿದ್ದರೆ ಮಣ್ಣು ಮುಟ್ಟಿ ನೋಡಿ: ಒಣಗಿದ್ದರೆ ಬಾಯಾರಿಕೆ, ಒದ್ದೆ ಇದ್ದರೆ ಬೇರು ಕೊಳೆಯುತ್ತಿದೆ. ಕೆಳಗಿನ ಎಲೆ ಹಳದಿ, ಮಣ್ಣಿನ ಮೇಲೆ ಹಸಿರು ಪಾಚಿ ಕಂಡರೆ ನೀರು ಅತಿಯಾಗಿದೆ, ಇಲ್ಲವೇ ತೂತು ಮುಚ್ಚಿದೆ. ಕಡ್ಡಿ ತೂರಿಸಿ ಬಿಡಿಸಿ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಚರ್ಮದಂತೆ ಒಳಗೆ ಕುಸಿದರೆ ರೋಗ ಅಂತ ಔಷಧಿ ಹೊಡೆಯಬೇಡಿ. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸಿದ್ದಕ್ಕೆ ಕಾಯಿಗೆ ಸುಣ್ಣದ ಅಂಶ ಮುಟ್ಟಿಲ್ಲ. ನೀರು ಒಂದೇ ಹದಕ್ಕೆ ತಂದರೆ ಮುಂದಿನ ಕಾಯಿ ಸರಿಹೋಗುತ್ತವೆ.

ಗೊಬ್ಬರದ ವಿಚಾರ: ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ. ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಬೆರೆಸಿ ಹುದುಗಿಸಿದ ದ್ರವ ಗೊಬ್ಬರ) ಸಿಕ್ಕರೆ ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಕೊಡಿ. ಎಲೆ ಕಡುಹಸಿರಾಗಿ ದೊಡ್ಡದಾಗುತ್ತಾ ಹೂವೇ ಬರದಿದ್ದರೆ ಗೊಬ್ಬರ ಜಾಸ್ತಿಯಾಗಿದೆ. ನಿಲ್ಲಿಸಿ.

ಹಂತ 6: ಕಾಯಿ ಕಚ್ಚಿಸುವುದು

ಹೀರೆ, ಸೋರೆ, ಕುಂಬಳ, ಸೌತೆ, ಹಾಗಲಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲ ಒಂದೆರಡು ವಾರ ಬರುವುದು ಬಹುತೇಕ ಗಂಡು ಹೂಗಳೇ. ಅವು ಉದುರುವುದು ಸಹಜ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಪುಟ್ಟ ಕಾಯಿಯ ಆಕಾರವೇ ಇರುತ್ತದೆ. ಆ ಹೀಚು ಎರಡು ಮೂರು ದಿನದಲ್ಲಿ ಹಳದಿಯಾಗಿ ಬಿದ್ದರೆ ಪರಾಗ ಮುಟ್ಟಿಲ್ಲ ಎಂದರ್ಥ. ಆಗ ನೀವೇ ಮುಟ್ಟಿಸಬೇಕು.

ಇಲ್ಲಿ ಎಲ್ಲರೂ ಎಡವುವುದು ಹೊತ್ತಿನಲ್ಲಿ. ಕುಂಬಳ, ಹಾಗಲ, ಸೌತೆ ಬೆಳಿಗ್ಗೆ ಅರಳುತ್ತವೆ. ಕುಂಬಳದ ಹೂವನ್ನು ಎಂಟು ಗಂಟೆಯೊಳಗೆ ಹಿಡಿಯಬೇಕು, ಆಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಹೀರೆ, ಸೋರೆ ಅರಳುವುದು ಸಂಜೆ. ಬೆಳಿಗ್ಗೆ ಬ್ರಷ್ ಹಿಡಿದು ಹೀರೆ ಚಪ್ಪರದ ಕೆಳಗೆ ನಿಂತರೆ ನಿನ್ನೆಯ ಬಾಡಿದ ಹೂವು ಸಿಗುತ್ತದೆ ಅಷ್ಟೇ.

ಸಂಜೆ ಆರರ ಸುಮಾರಿಗೆ ಹೋಗಿ. ಆಗ ತಾನೇ ಬಿಚ್ಚಿದ ಹೀರೆಯ ಗಂಡು ಹೂವನ್ನು ತೊಟ್ಟು ಸಮೇತ ಚಿವುಟಿ, ಹಳದಿ ಎಸಳುಗಳನ್ನು ಹಿಂದಕ್ಕೆ ಮಡಿಸಿ ಕಿತ್ತುಹಾಕಿ. ನಡುವೆ ಉಳಿಯುವ ಭಾಗವನ್ನು ಬೆರಳಿಗೆ ತಾಗಿಸಿ ನೋಡಿ, ಅರಿಶಿನದಂಥ ಪುಡಿ ಅಂಟಬೇಕು. ಅದನ್ನು ಹೆಣ್ಣು ಹೂವಿನ ನಡುವಿನ ಅಂಟಂಟು ಭಾಗಕ್ಕೆ ಮೂರು ನಾಲ್ಕು ಸಲ ಮೆಲ್ಲಗೆ ಒತ್ತಿ. ಒಂದು ಗಂಡು ಹೂ ಎರಡು ಹೆಣ್ಣು ಹೂವಿಗೆ ಆಗುತ್ತದೆ. ಎರಡು ದಿನದಲ್ಲಿ ಹೀಚು ಉದ್ದವಾಗಿ ಕೆಳಕ್ಕೆ ಬಾಗಿದರೆ ಕಚ್ಚಿದೆ.

ಟೊಮೆಟೊ, ಬದನೆಯದು ಬೇರೆ ಕಥೆ. ಹೂ ಒಂದೇ, ಗಂಡು ಹೆಣ್ಣು ಎರಡೂ ಅದರಲ್ಲೇ. ಆದರೆ ಪರಾಗ ಕೊಳವೆಯೊಳಗೆ ಇರುತ್ತದೆ, ಅಲುಗಿಸಿದರೆ ಮಾತ್ರ ಉದುರುತ್ತದೆ. ನಮ್ಮ ಜೇನುಹುಳಕ್ಕೆ ಆ ಅಲುಗಾಟ ಬಾರದು. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ದುಂಬಿ ಮತ್ತು ಮರ ಕೊರೆಯುವ ಕಪ್ಪು ದುಂಬಿ ಹೂವಿಗೆ ಜೋತುಬಿದ್ದು ರೆಕ್ಕೆಯ ಸ್ನಾಯು ಅದುರಿಸಿ, ಝುಂಯ್ ಎಂದು ಸದ್ದು ಮಾಡುತ್ತಾ ಪುಡಿ ಉದುರಿಸಿಕೊಳ್ಳುತ್ತವೆ. ಮೂರನೇ ಹಂತದ ಹೂವುಗಳು ಬೇಕಾದದ್ದು ಇದಕ್ಕೇ. ದುಂಬಿ ಬಾರದಿದ್ದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಟಕ್ ಟಕ್ ಅಂತ ತಟ್ಟಿ.

ಹಂತ 7: ಹುಳ ಕಂಡ ಕೂಡಲೇ ಸ್ಪ್ರೇ ಬೇಡ

ಹುಳ ಕಂಡರೆ ಮೊದಲು ಯಾವುದು ಅಂತ ನೋಡಿ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪು ಬಣ್ಣದಲ್ಲಿ ಅಂಟಿಕೊಂಡಿರುವುದು ಚಿಟ್ಟೆಯ ಮರಿ. ಬೆಳೆದು ಹಸಿರಾಗುತ್ತದೆ. ನಾಲ್ಕು ಎಲೆ ತಿಂದರೆ ತಿನ್ನಲಿ ಬಿಡಿ. ಗಿಡದ ರಸ ಹೀರುವ ಸಣ್ಣ ಹೇನು ಕವಿದ ಕುಡಿಯಲ್ಲಿ ಓಡಾಡುವ, ಪುಟ್ಟ ಮೊಸಳೆಯಂತೆ ಕಾಣುವ ಬೂದು ಹುಳ ಗುಲಗಂಜಿ ಹುಳುವಿನ ಮರಿ. ಹೇನೇ ಅದರ ಊಟ. ಇದನ್ನು ಉಜ್ಜಿ ಕೊಲ್ಲುವವರು ಬಹಳ.

ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟುತಿಗಣೆ, ಹೇನಿಗೆ ಮೊದಲ ಮದ್ದು ಜೋರಾದ ನೀರು. ಎಲೆಯ ಅಡಿಗೆ ಬೀಳುವಂತೆ ಎರಡು ಮೂರು ದಿನ ಹೊಡೆಯಿರಿ. ಇರುವೆ ಸಾಲನ್ನೂ ತಡೆಯಿರಿ, ತಿಗಣೆಯನ್ನು ಗಿಡದಿಂದ ಗಿಡಕ್ಕೆ ಹೊರುವುದು ಅವೇ. ಬದನೆಯ ಕುಡಿ ಒಂದೇ ಬಾಡಿ ಬಾಗಿದ್ದರೆ ಒಳಗೆ ಕೊರಕ ಇದೆ. ಎರಡು ಇಂಚು ಕೆಳಗೆ ಕತ್ತರಿಸಿ, ಸೋಪಿನ ನೀರಿಗೆ ಹಾಕಿ. ಗೊಬ್ಬರದ ಡ್ರಮ್ಮಿಗೆ ಬೇಡ. ಟೊಮೆಟೊ ಎಲೆ ಮುರುಟಿ ಗಿಡ ಕುಳ್ಳಾದರೆ, ಬೆಂಡೆಯ ಎಲೆಯಲ್ಲಿ ನರಗಳು ಬಲೆಯಂತೆ ಹಳದಿಯಾದರೆ ಅದು ನಂಜು (ವೈರಸ್) ರೋಗ. ಮದ್ದಿಲ್ಲ. ಬಿಳಿನೊಣ ಅದನ್ನು ಪಕ್ಕದ ಗಿಡಕ್ಕೆ ಹರಡುವ ಮುಂಚೆ ಕಿತ್ತುಹಾಕಿ.

ಬೇವಿನೆಣ್ಣೆ ಕೊನೆಯ ಅಸ್ತ್ರ. ಒಂದು ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, ಕೆಲವು ಹನಿ ಸೋಪಿನ ದ್ರವ, ಚೆನ್ನಾಗಿ ಕುಲುಕಿ. ಜೇನು ಮನೆಗೆ ಹೋದ ಮೇಲೆ, ಸಂಜೆ, ಎಲೆಯ ಅಡಿಗೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಹೂವಿನ ಮೇಲೆ ಹೊಡೆದರೆ ದುಂಬಿ ದೂರವಾಗುತ್ತದೆ. ವಾರವಾರ ಸುಮ್ನೆ ಮುಂಜಾಗ್ರತೆಗೆ ಅಂತ ಹೊಡೆಯುವ ತಾರಸಿಯಲ್ಲಿ ಹುಳ ತಿಂದು ಬದುಕುವ ಪುಟ್ಟ ಟುವ್ವಿ ಹಕ್ಕಿಗೆ ತಿನ್ನಲು ಏನಿರುತ್ತದೆ?

ಹಂತ 8: ಹಕ್ಕಿಗೆ ನೀರು ಇಡಿ, ಕಾಳು ಬೇಡ

ಕಾಳು ಇಟ್ಟರೆ ನಗರದಲ್ಲಿ ಬರುವುದು ಪಾರಿವಾಳ. ಸಣ್ಣ ಹಕ್ಕಿಗಳನ್ನು ಓಡಿಸುತ್ತವೆ, ಎಳೆ ಸೊಪ್ಪು ತುಳಿಯುತ್ತವೆ. ಅವುಗಳ ಹಿಕ್ಕೆ ಒಣಗಿ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಟುವ್ವಿ ಹಕ್ಕಿ, ಮಡಿವಾಳ ಹಕ್ಕಿ ಬರುವುದು ಹುಳಕ್ಕೆ. ಸೂರಕ್ಕಿ ಮಕರಂದಕ್ಕೆ ಬರುತ್ತದೆ, ಮರಿಗಳಿಗೆ ಜೇಡ, ಹುಳ ಹಿಡಿಯುತ್ತದೆ. ಪಿಕಳಾರ ಹಣ್ಣಿಗೆ. ಇದೆಲ್ಲ ನಿಮ್ಮ ತೋಟದಲ್ಲೇ ಇದೆ. ಸಕ್ಕರೆ ನೀರಿನ ಬಾಟಲಿ ಕೂಡ ಬೇಡ.

ಬೇಕಾದದ್ದು ನೀರು. ಅಗಲ ಬಾಯಿಯ ಮಣ್ಣಿನ ತಟ್ಟೆ ಇಡಿ. ಅಂಚಿನಲ್ಲಿ ಒಂದು ಇಂಚು, ನಡುವೆ ಎರಡು ಇಂಚು ಆಳ, ಕೂರಲು ಒಂದು ಚಪ್ಪಟೆ ಕಲ್ಲು. ನುಣುಪಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಕ್ಕಿಯ ಕಾಲು ಜಾರುತ್ತದೆ. ನೆಲದಿಂದ ಎತ್ತರದಲ್ಲಿರಲಿ. ಹತ್ತಿರದಲ್ಲಿ ಹಾರಿ ಕೂರಲು ಒಂದು ಕೊಂಬೆ ಬೇಕು, ಆದರೆ ಬೆಕ್ಕು ಅಡಗುವಷ್ಟು ಪೊದೆ ತಟ್ಟೆಗೆ ತಾಗಿರಬಾರದು. ಎರಡು ದಿನಕ್ಕೊಮ್ಮೆಯಾದರೂ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ತಟ್ಟೆಯ ಗೋಡೆಗೆ ಅಂಟಿರುತ್ತದೆ, ಬರೀ ನೀರು ಬದಲಿಸಿದರೆ ಹೋಗುವುದಿಲ್ಲ.

ಸಡಿಲವಾಗಿ ಹೊದಿಸಿದ ನೈಲಾನ್ ಬಲೆ ಹಕ್ಕಿಗೆ ಉರುಲು. ಬಲೆ ಬೇಕೇ ಬೇಕು ಎಂದರೆ ಸಣ್ಣ ಕಣ್ಣಿನದ್ದನ್ನು ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ.

ಟುವ್ವಿ ಹಕ್ಕಿ ಅಗಲ ಎಲೆಗಳ ಅಂಚನ್ನು ಹೊಲಿದು ಗೂಡು ಮಾಡಿದರೆ ಸುಮಾರು ಒಂದು ತಿಂಗಳು ಆ ಕುಂಡವನ್ನು ಜರುಗಿಸಬೇಡಿ, ಕತ್ತರಿ ಹಾಕಬೇಡಿ. ನೀರನ್ನು ಬುಡಕ್ಕೆ ಮಾತ್ರ ಹಾಕಿ. ಫೋಟೊ ಬೇಕೆಂದು ಎಲೆ ಬಿಡಿಸಿದರೆ ಕಾಗೆಗೆ ದಾರಿ ತೋರಿಸಿದಂತೆ.

ಇನ್ನು ಪಿಕಳಾರ ಹಣ್ಣು ಟೊಮೆಟೊ ಕುಕ್ಕುತ್ತದೆ ಅನ್ನುವ ದೂರು. ಕಾಯಿಯ ತಳದಲ್ಲಿ ನಸುಗೆಂಪು ಇಣುಕಿದ ದಿನವೇ ಕೊಯ್ದು ಒಳಗಿಡಿ, ಮೂರು ನಾಲ್ಕು ದಿನದಲ್ಲಿ ಅಲ್ಲೇ ಹಣ್ಣಾಗುತ್ತದೆ. ಗಿಡದಲ್ಲೇ ಹಣ್ಣಾಗಿಸಬೇಕು ಅನ್ನುವವರು ಆ ಗೊಂಚಲಿಗೆ ಮಾತ್ರ ತೆಳು ಬಟ್ಟೆಯ ಚೀಲ ಕಟ್ಟಲಿ. ಹಣ್ಣುನೊಣದ ಕಾಟ ಇರುವ ಹಾಗಲ, ಹೀರೆಗೂ ಇದೇ ಚೀಲ ಆಗುತ್ತದೆ, ಹೀಚು ಕಚ್ಚಿದ ಎರಡು ಮೂರು ದಿನದೊಳಗೆ ಕಟ್ಟಬೇಕು.